ದೇವರ ಹೆಸರಿಗೂ ಪರವಾನಗಿ: ಆಟದ ಪ್ರಕಾಶಕರ ನಡುವಿನ ಹಂಚಿಕೆಯ ಕಥೆ

ಮೇಜಿನ ಸುತ್ತ ನಾಲ್ಕೈದು ಮಂದಿ ಕುಳಿತಿದ್ದಾರೆ. ನಡುವೆ ಕೈಯಿಂದ ಬರೆದ ಒಂದು ನಕ್ಷೆ, ಪಕ್ಕದಲ್ಲಿ ಇಪ್ಪತ್ತು ಮುಖಗಳ ದಾಳ. ಕಥೆ ನಡೆಸುವಾತ ಪಾಳುಬಿದ್ದ ಗುಡಿಯೊಂದನ್ನು ವರ್ಣಿಸುತ್ತಿದ್ದಾನೆ. ಅರ್ಚಕಿಯ ಪಾತ್ರ ವಹಿಸಿರುವ ಆಟಗಾರ್ತಿ, ಗಾಯಗೊಂಡ ಸಂಗಡಿಗನನ್ನು ಉಳಿಸಲು ಸೂರ್ಯದೈವವನ್ನು ಪ್ರಾರ್ಥಿಸುವುದಾಗಿ ಹೇಳುತ್ತಾಳೆ. ಯಾವ ಸೂರ್ಯದೈವ? ಈ ಪ್ರಶ್ನೆಗೆ ಉತ್ತರ ಅವಳ ಭಕ್ತಿಯಲ್ಲಿಲ್ಲ. ಮೇಜಿನ ಮೇಲಿರುವ ಪುಸ್ತಕವನ್ನು ಯಾವ ಸಂಸ್ಥೆ ಪ್ರಕಟಿಸಿದೆ ಎಂಬುದರಲ್ಲಿದೆ. ಅದು ವಿಝರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆಯದಾದರೆ ಪೆಲೋರ್ ಎಂಬ ದೇವ ಓಗೊಡಬಹುದು. ಪೈಜೋ ಸಂಸ್ಥೆಯದಾದರೆ ಸರೆನ್‌ರೇ ಎಂಬ ದೇವಿ. ಮೂರನೆಯ ಸಂಸ್ಥೆಯ ಪುಸ್ತಕದಲ್ಲಿ ಮೂರನೆಯ ಹೆಸರು.

ಪ್ರಾರ್ಥನೆಯ ಫಲವನ್ನು ನಿರ್ಧರಿಸುವ ನಿಯಮಗಳು ಮಾತ್ರ ಈ ಪುಸ್ತಕಗಳಲ್ಲಿ ಬಹುಪಾಲು ಒಂದೇ ತೆರನಾಗಿರುತ್ತವೆ. ನಿಯಮಗಳನ್ನು ಹಂಚಿಕೊಂಡ ಪ್ರಕಾಶಕರು ದೇವರುಗಳನ್ನು ಏಕೆ ಹಂಚಿಕೊಳ್ಳಲಿಲ್ಲ? ಕಲ್ಪಿತ ದೇವರೊಂದನ್ನು ಮುಕ್ತವಾಗಿ ಬಿಟ್ಟುಕೊಡುವುದೆಂದರೆ ನಿಜವಾಗಿ ಏನು? ಅಮೆರಿಕದ ಈ ಪುಟ್ಟ ಉದ್ಯಮದಲ್ಲಿ ಅರ್ಧ ಶತಮಾನದಿಂದ ಎದ್ದು ಬರುತ್ತಿರುವ ಈ ಪ್ರಶ್ನೆ, 2023ರಲ್ಲಿ ನೂರಾರು ಸಣ್ಣ ಪ್ರಕಾಶಕರ ಜೀವನೋಪಾಯದ ಪ್ರಶ್ನೆಯೇ ಆಗಿಬಿಟ್ಟಿತು.

ಪತ್ರಗಳಲ್ಲಿ ಹಂಚಿಹೋದ ದೈವಗಳು

ಪಾತ್ರಧಾರಣೆಯ ಮೇಜಿನಾಟಗಳಿಗೆ ಆದಿ ಎನಿಸಿದ್ದು 1974ರಲ್ಲಿ ಪ್ರಕಟವಾದ 'ಡಂಜನ್ಸ್ ಅಂಡ್ ಡ್ರಾಗನ್ಸ್'. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟವನ್ನು ಪ್ರಕಟಿಸಿದ್ದು ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಪಟ್ಟಣದ ಟಿಎಸ್‌ಆರ್ ಸಂಸ್ಥೆ. ಆದರೆ ಕಲ್ಪಿತ ದೇವರುಗಳನ್ನು ಲೇಖಕರು ಪರಸ್ಪರ ಹಂಚಿಕೊಳ್ಳುವ ಪದ್ಧತಿ ಈ ಆಟಕ್ಕಿಂತ ಹಳೆಯದು.

1923ರಲ್ಲಿ ಆರಂಭವಾದ 'ವಿಯರ್ಡ್ ಟೇಲ್ಸ್' ಎಂಬ ಅಗ್ಗದ ಕಾಗದದ ಮಾಸಿಕದಲ್ಲಿ ಎಚ್.ಪಿ. ಲವ್‌ಕ್ರಾಫ್ಟ್, ಕ್ಲಾರ್ಕ್ ಆಶ್ಟನ್ ಸ್ಮಿತ್, ರಾಬರ್ಟ್ ಇ. ಹೋವರ್ಡ್ ಮೊದಲಾದವರು ಭಯಾನಕ ಕಥೆಗಳನ್ನು ಬರೆಯುತ್ತಿದ್ದರು. ದೂರದೂರದ ಊರುಗಳಲ್ಲಿದ್ದ ಇವರ ಸ್ನೇಹ ಬೆಳೆದದ್ದು ಬಹುತೇಕ ಪತ್ರಗಳ ಮೂಲಕ. ಒಬ್ಬರು ಸೃಷ್ಟಿಸಿದ ದೈವವನ್ನು ಇನ್ನೊಬ್ಬರು ತಮ್ಮ ಕಥೆಗೆ ಕರೆತರುವುದು ಅವರಲ್ಲಿ ಸಲಿಗೆಯ ಆಟವೇ ಆಗಿತ್ತು. ಸ್ಮಿತ್ ಕಲ್ಪಿಸಿದ ತ್ಸಾಥೋಗ್ವಾ ಎಂಬ ಕಪ್ಪೆಯಂಥ ಸೋಮಾರಿ ದೇವರ ಪ್ರಸಂಗ ಇದಕ್ಕೆ ಒಳ್ಳೆಯ ನಿದರ್ಶನ. ಸ್ಮಿತ್‌ರ ಕಥೆಯನ್ನು ಹಸ್ತಪ್ರತಿಯಲ್ಲೇ ಓದಿ ಮೆಚ್ಚಿದ ಲವ್‌ಕ್ರಾಫ್ಟ್, ಆ ದೇವರ ಹೆಸರನ್ನು ತಮ್ಮ ಕಥೆಯೊಂದರಲ್ಲಿ ಬಳಸಿದರು. ಅದು ಅಚ್ಚಾದದ್ದು 1931ರ ಆಗಸ್ಟ್ ಸಂಚಿಕೆಯಲ್ಲಿ. ಸ್ಮಿತ್‌ರ ಮೂಲ ಕಥೆ ಅಚ್ಚಾದದ್ದು ಅದೇ ವರ್ಷದ ನವೆಂಬರ್‌ನಲ್ಲಿ. ಎರವಲು ಪಡೆದವರ ಮನೆಯಲ್ಲಿ ದೇವರು ಮೊದಲು ಕಾಣಿಸಿಕೊಂಡು, ಆಮೇಲೆ ಸ್ವಂತ ಮನೆಗೆ ಬಂದಂತಾಯಿತು.

ಈ ಹಂಚಿಕೆಯಿಂದ ಆದ ಪರಿಣಾಮ ಗಮನಾರ್ಹವಾದುದು. ಬೇರೆ ಬೇರೆ ಲೇಖಕರ ಕಥೆಗಳಲ್ಲಿ ಅದೇ ಹೆಸರುಗಳು ಮತ್ತೆ ಮತ್ತೆ ಎದುರಾದಾಗ, ಓದುಗರಲ್ಲಿ ಕೆಲವರು ಇವುಗಳ ಹಿಂದೆ ನಿಜವಾದ ಪುರಾಣವೊಂದು ಇರಬೇಕೆಂದು ನಂಬಿದರು. ಕಥೆಗಳಲ್ಲಿ ಬರುವ 'ನೆಕ್ರೊನೊಮಿಕಾನ್' ಎಂಬ ಗ್ರಂಥ ತಮ್ಮ ಕಲ್ಪನೆಯೇ ಹೊರತು ನಿಜವಾದುದಲ್ಲ ಎಂದು ಲವ್‌ಕ್ರಾಫ್ಟ್ ಪತ್ರ ಬರೆದು ತಿಳಿಸಬೇಕಾಯಿತು. ಒಬ್ಬರೇ ಹೇಳಿದರೆ ಕಥೆ. ಹಲವರು ಹೇಳಿದರೆ ಪುರಾಣ. ಕಲ್ಪಿತ ದೇವರಿಗೆ ದೈವತ್ವದ ಗಾಂಭೀರ್ಯ ಬರುವುದೇ ಹಲವರ ಬಾಯಲ್ಲಿ ನಲಿದಾಗ.

ಆದರೆ ಈ ಅನುಮತಿಗಳು ಸ್ನೇಹದ ಮಾತುಗಳಾಗಿದ್ದವೇ ವಿನಾ ಕಾನೂನಿನ ಪತ್ರಗಳಾಗಿರಲಿಲ್ಲ. ಲವ್‌ಕ್ರಾಫ್ಟ್ 1937ರಲ್ಲಿ ನಿಧನರಾದರು. 1939ರಲ್ಲಿ ಆಗಸ್ಟ್ ಡೆರ್ಲೆತ್ ಮತ್ತು ಡೊನಾಲ್ಡ್ ವಾಂಡ್ರಿ 'ಆರ್ಕಮ್ ಹೌಸ್' ಎಂಬ ಪ್ರಕಾಶನವನ್ನು ಸ್ಥಾಪಿಸಿ ಅವರ ಕಥೆಗಳನ್ನು ಪುಸ್ತಕರೂಪಕ್ಕೆ ತಂದರು. ಆ ಕೃತಿಗಳ ಹಕ್ಕು ಯಾರದೆಂಬ ತಕರಾರು ಮುಂದೆ ದಶಕಗಳ ಕಾಲ ಜೀವಂತವಾಗಿ ಉಳಿಯಿತು. ಕೊಟ್ಟವರು ಇರುವವರೆಗೆ ನಡೆದ ಉದಾರತೆ, ಅವರು ಹೋದ ಬಳಿಕ ಪ್ರಶ್ನೆಯಾಯಿತು.

ಕಣ್ಮರೆಯಾದ ಎರಡು ಅಧ್ಯಾಯಗಳು

ಆಟದ ಪ್ರಕಾಶಕರಿಗೆ ಈ ಸಮಸ್ಯೆ ನೇರವಾಗಿ ತಟ್ಟಿದ್ದು 1980ರಲ್ಲಿ. ಆ ವರ್ಷ ಟಿಎಸ್‌ಆರ್ 'ಡೀಟೀಸ್ ಅಂಡ್ ಡೆಮಿಗಾಡ್ಸ್' ಎಂಬ ಗ್ರಂಥವನ್ನು ಹೊರತಂದಿತು. ಗ್ರೀಕ್, ಈಜಿಪ್ಟ್, ನಾರ್ಸ್ ಪುರಾಣಗಳ ದೇವರುಗಳೊಂದಿಗೆ ಭಾರತೀಯ ಪುರಾಣಗಳ ಇಂದ್ರ, ಅಗ್ನಿ, ವಿಷ್ಣು, ಯಮರಿಗೂ ಅದರಲ್ಲಿ ಆಟದ ಅಂಕಿಸಂಖ್ಯೆಗಳನ್ನು ನಿಗದಿಪಡಿಸಲಾಗಿತ್ತು. ಪರಂಪರೆಯ ದೇವರುಗಳನ್ನು ಹೀಗೆ ಬಳಸುವುದು ಉಚಿತವೇ ಎಂಬ ಪ್ರಶ್ನೆ ಬೇರೆ. ಕಾನೂನಿನ ಅನುಮತಿಯಂತೂ ಬೇಕಿರಲಿಲ್ಲ. ಆ ದೇವರುಗಳಿಗೆ ಒಡೆಯರಾದ ಕಂಪನಿಗಳಿರಲಿಲ್ಲ.

ಅದೇ ಗ್ರಂಥದಲ್ಲಿ ಲವ್‌ಕ್ರಾಫ್ಟ್ ಬಳಗದ ಕಥುಲ್ಹು ದೈವಗಳಿಗೂ ಬ್ರಿಟಿಷ್ ಲೇಖಕ ಮೈಕೇಲ್ ಮೂರ್‌ಕಾಕ್‌ರ ಎಲ್ರಿಕ್ ಕಥೆಗಳ ದೈವಗಳಿಗೂ ಒಂದೊಂದು ಅಧ್ಯಾಯವಿತ್ತು. ತೊಡಕು ಹುಟ್ಟಿದ್ದು ಅಲ್ಲಿ. ಇವೆರಡೂ ಲೋಕಗಳನ್ನು ಆಧರಿಸಿ ಆಟ ರೂಪಿಸುವ ಹಕ್ಕನ್ನು ಕ್ಯಾಲಿಫೋರ್ನಿಯಾದ ಕೇಯಾಸಿಯಂ ಎಂಬ ಸಂಸ್ಥೆ ಪಡೆದುಕೊಂಡಿತ್ತು. ಟಿಎಸ್‌ಆರ್ ಮೊದಲಿಗೆ ಕೇಯಾಸಿಯಂಗೆ ಕೃತಜ್ಞತೆಯ ಸಾಲೊಂದನ್ನು ಅಚ್ಚುಹಾಕಿ ಮುಂದುವರಿಯಿತು. ಆದರೆ ತನ್ನ ಪುಸ್ತಕದಲ್ಲಿ ಪ್ರತಿಸ್ಪರ್ಧಿಯ ಹೆಸರನ್ನು ಹೊತ್ತು ಸಾಗುವುದು ಅದಕ್ಕೆ ಹಿತವೆನಿಸಲಿಲ್ಲ. ಮುಂದಿನ ಮುದ್ರಣಗಳಲ್ಲಿ ಎರಡೂ ಅಧ್ಯಾಯಗಳು ಕಣ್ಮರೆಯಾದವು. 144 ಪುಟಗಳ ಪುಸ್ತಕ 128 ಪುಟಗಳಿಗೆ ಇಳಿಯಿತು. ಆ ಮೊದಲ ಪ್ರತಿಗಳಿಗೆ ಹಳೆಯ ಪುಸ್ತಕಗಳ ಸಂಗ್ರಾಹಕರಲ್ಲಿ ಬೇಡಿಕೆ ಇಂದಿಗೂ ಇಳಿದಿಲ್ಲ. 1981ರಲ್ಲಿ ಕೇಯಾಸಿಯಂ 'ಕಾಲ್ ಆಫ್ ಕಥುಲ್ಹು' ಮತ್ತು 'ಸ್ಟಾರ್ಮ್‌ಬ್ರಿಂಗರ್' ಎಂಬ ಎರಡು ಆಟಗಳನ್ನು ಪ್ರಕಟಿಸಿತು.

ಈ ಪ್ರಸಂಗದಿಂದ ಉದ್ಯಮ ಕಲಿತ ಪಾಠ ಹಂಚಿಕೆಯದಾಗಿರಲಿಲ್ಲ. ಸ್ವಂತ ದೇವರುಗಳನ್ನು ಸೃಷ್ಟಿಸಿಕೊಂಡು ಬೇಲಿ ಹಾಕಿಕೊಳ್ಳುವುದೇ ಕ್ಷೇಮ ಎಂಬುದಾಗಿತ್ತು.

ನಿಯಮಕ್ಕೆ ಬಾಗಿಲು ತೆರೆದು, ಹೆಸರಿಗೆ ಬೀಗ

1997ರಲ್ಲಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆ ಟಿಎಸ್‌ಆರ್ ಅನ್ನು ಕೊಂಡಿತು. 1999ರಲ್ಲಿ ಆಟಿಕೆ ತಯಾರಿಕೆಯ ಹ್ಯಾಸ್ಬ್ರೊ ಕಂಪನಿ ವಿಝರ್ಡ್ಸ್ ಅನ್ನೇ ಕೊಂಡಿತು. 2000ದಲ್ಲಿ ಆಟದ ಮೂರನೆಯ ಆವೃತ್ತಿ ಬಂದಾಗ ಅದರೊಂದಿಗೆ 'ಓಪನ್ ಗೇಮ್ ಲೈಸೆನ್ಸ್' ಎಂಬ ಪರವಾನಗಿಯೂ ಬಂತು. ಇದರ ರೂವಾರಿ ವಿಝರ್ಡ್ಸ್‌ನ ಅಧಿಕಾರಿಯಾಗಿದ್ದ ರಯಾನ್ ಡ್ಯಾನ್ಸಿ. ಮುಕ್ತ ತಂತ್ರಾಂಶ ಚಳವಳಿಯಿಂದ ಪ್ರೇರಿತರಾಗಿದ್ದ ಅವರ ತರ್ಕ ಸರಳವಾಗಿತ್ತು: ಒಂದೇ ನಿಯಮಾವಳಿಗೆ ಹೆಚ್ಚು ಪ್ರಕಾಶಕರು ಪುಸ್ತಕ ಬರೆದಷ್ಟೂ ಆಟಗಾರರು ಹೆಚ್ಚುತ್ತಾರೆ, ಅವರೆಲ್ಲರಿಗೂ ಮೂಲ ಪುಸ್ತಕ ಬೇಕಾಗುತ್ತದೆ.

ಈ ಪರವಾನಗಿ ಪ್ರತಿಯೊಂದು ಪುಸ್ತಕವನ್ನೂ ಎರಡು ಪಾಲು ಮಾಡಿತು. ಒಂದು, ಯಾರು ಬೇಕಾದರೂ ನಕಲು ಮಾಡಿ, ತಿದ್ದಿ, ಮಾರಬಹುದಾದ 'ಮುಕ್ತ ಆಟದ ಸಾಮಗ್ರಿ'. ಇನ್ನೊಂದು, ಮುಟ್ಟಬಾರದ 'ಉತ್ಪನ್ನದ ಗುರುತು'. ಕಥೆ, ಕಥಾವಸ್ತು, ಪಾತ್ರಗಳು, ಸ್ಥಳಗಳು, ಹೆಸರುಗಳು ಎರಡನೆಯ ಪಾಲಿಗೆ ಸೇರಬಹುದಿತ್ತು. ದೇವರುಗಳು ಸಹಜವಾಗಿಯೇ ಅಲ್ಲಿಗೆ ಹೋದರು.

ಇದರಿಂದ ಹುಟ್ಟಿದ ವಿಚಿತ್ರ ಸ್ಥಿತಿಯನ್ನು ಮೂರೂವರೆ ಆವೃತ್ತಿಯ ಮುಕ್ತ ನಿಯಮಾವಳಿಯಲ್ಲಿ ಕಾಣಬಹುದು. ದೇವರೊಬ್ಬನ ಶಕ್ತಿಯ ಶ್ರೇಣಿ ಯಾವುದು, ಅವನ ದೃಷ್ಟಿ ಎಷ್ಟು ದೂರ ಹಾಯುತ್ತದೆ, ಯಾವ ಪವಾಡಕ್ಕೆ ಎಷ್ಟು ಸಾಮರ್ಥ್ಯ ಬೇಕು ಎಂಬುದೆಲ್ಲ ಅದರಲ್ಲಿ ಸವಿಸ್ತಾರವಾಗಿದೆ. ಸೂರ್ಯ, ಯುದ್ಧ, ಮೃತ್ಯು, ಆರೋಗ್ಯ ಎಂಬ ಅಧಿಕಾರ ಕ್ಷೇತ್ರಗಳ ಪಟ್ಟಿಯೂ ಇದೆ. ಇಲ್ಲದಿರುವುದು ದೇವರು ಮಾತ್ರ. ಗರ್ಭಗುಡಿ, ಗೋಪುರ, ಪೂಜಾವಿಧಿ ಎಲ್ಲವನ್ನೂ ಕೊಟ್ಟು ಮೂರ್ತಿಯನ್ನು ಮಾತ್ರ ಒಳಗಿಟ್ಟುಕೊಂಡಂತೆ.

ಕಾನೂನಿನ ದೃಷ್ಟಿಯಿಂದ ಇದು ತಿರುಗುಮುರುಗು ವ್ಯವಸ್ಥೆ. ಅಮೆರಿಕದ ಕೃತಿಸ್ವಾಮ್ಯ ಕಾನೂನಿನಲ್ಲಿ ಆಟದ ವಿಧಾನಕ್ಕೆ ರಕ್ಷಣೆಯಿಲ್ಲ. ಅದನ್ನು ವಿವರಿಸುವ ಬರಹಕ್ಕಷ್ಟೇ ಇದೆ. ಹೀಗಾಗಿ ವಿಧಾನವನ್ನು ತಮ್ಮದೇ ಮಾತಿನಲ್ಲಿ ಬರೆಯಲು ಯಾರಿಗೂ ಅನುಮತಿ ಬೇಕಾಗಿರಲಿಲ್ಲ. ಅನುಮತಿ ನಿಜವಾಗಿ ಬೇಕಾಗುವುದು ಚರಿತ್ರೆ, ಸ್ವಭಾವ, ರೂಪಗಳಿಂದ ಪುಷ್ಟವಾದ ಪಾತ್ರಗಳಿಗೆ, ಅಂದರೆ ದೇವರುಗಳಂಥವುಗಳಿಗೆ. ಪರವಾನಗಿ ಅದನ್ನೇ ಕೊಡಲಿಲ್ಲ. ಸಣ್ಣ ಪ್ರಕಾಶಕರಿಗೆ ಅದರಿಂದ ದೊರೆತ ನಿಜವಾದ ಲಾಭ, ಸಿದ್ಧ ಪಠ್ಯವನ್ನು ಬಳಸುವ ಸ್ವಾತಂತ್ರ್ಯ ಮತ್ತು ದೊಡ್ಡ ಕಂಪನಿ ಮೊಕದ್ದಮೆ ಹೂಡದೆಂಬ ನೆಮ್ಮದಿ.

ಪರಿಣಾಮವಾಗಿ ಪ್ರತಿ ಪ್ರಕಾಶಕರೂ ತಮ್ಮದೇ ಸೂರ್ಯದೈವ, ತಮ್ಮದೇ ಯುದ್ಧದೈವ, ತಮ್ಮದೇ ಮೃತ್ಯುದೈವವನ್ನು ಹೊಸೆಯಬೇಕಾಯಿತು. ಎಲ್ಲ ಲೋಕಗಳಿಗೂ ಹೊಂದಬೇಕೆಂದು ಬರೆದ ಸಾಹಸ ಕಥನಗಳಲ್ಲಿ 'ಬೆಳಕಿನ ದೇವರ ಗುಡಿ' ಎಂಬಂಥ ಹೆಸರಿಲ್ಲದ ಗುಡಿಗಳು ತುಂಬಿಕೊಂಡವು. ಅವುಗಳಿಗೆ ಹೆಸರು, ಹಬ್ಬ, ಶಾಪ, ಹರಕೆಗಳನ್ನು ಜೋಡಿಸುವ ಹೊಣೆ ಕಥೆ ನಡೆಸುವವರ ಹೆಗಲೇರಿತು.

ಒಡೆಯರ ಕೈಯಲ್ಲಿ ದೇವರ ಆಯುಷ್ಯ

ಒಡೆತನಕ್ಕೆ ಇನ್ನೊಂದು ಮುಖವೂ ಇದೆ. 'ಫರ್ಗಾಟನ್ ರೆಲ್ಮ್ಸ್' ಎಂಬ ಆಟದ ಲೋಕದಲ್ಲಿ ಮಿಸ್ಟ್ರಾ ಮಾಯಾವಿದ್ಯೆಯ ಅಧಿದೇವತೆ. 1989ರಲ್ಲಿ ಆಟದ ಎರಡನೆಯ ಆವೃತ್ತಿ ಬಂದು ಮಂತ್ರಗಳ ನಿಯಮಗಳು ಬದಲಾದಾಗ, ಆ ಬದಲಾವಣೆಗೆ ಕಥೆಯಲ್ಲೊಂದು ಕಾರಣ ಬೇಕಾಯಿತು, ಮಿಸ್ಟ್ರಾ ಹತಳಾದಳು. ಅವಳ ಸ್ಥಾನಕ್ಕೆ ಇನ್ನೊಬ್ಬಳು ಬಂದಳು. 2008ರಲ್ಲಿ ನಾಲ್ಕನೆಯ ಆವೃತ್ತಿ ಬಂದಾಗ ಆ ದೇವತೆಗೂ ಅದೇ ಗತಿಯಾಯಿತು. ಪೈಜೋ ಸಂಸ್ಥೆಯೂ 2024ರಲ್ಲಿ ತನ್ನ ಲೋಕದ ಯುದ್ಧದೇವನಾದ ಗೋರಮ್‌ನನ್ನು ಕೊಂದಿತು. ಒಂದೇ ಒಡೆಯನಿರುವ ದೇವರ ಆಯುಷ್ಯವನ್ನು ಪ್ರಕಟಣೆಯ ವೇಳಾಪಟ್ಟಿ ನಿರ್ಧರಿಸಬಲ್ಲದು. ಹಲವರ ಪುಸ್ತಕಗಳಲ್ಲಿ ಹಕ್ಕಿನಿಂದ ನೆಲೆಸಿದ ದೇವರನ್ನು ಹೀಗೆ ಒಬ್ಬರು ಕೊಲ್ಲಲಾಗದು. ಒಂದು ಪುಸ್ತಕದಲ್ಲಿ ಸತ್ತರೂ ಇನ್ನೊಂದರಲ್ಲಿ ಬದುಕಿರುತ್ತಾನೆ.

ಬೇಲಿಯೊಳಗಿನ ಹಂಚಿಕೆಗೂ ಅವಕಾಶಗಳು ಬಂದವು. 2016ರಲ್ಲಿ ಆರಂಭವಾದ 'ಡಂಜನ್ ಮಾಸ್ಟರ್ಸ್ ಗಿಲ್ಡ್' ಎಂಬ ಅಂತರ್ಜಾಲ ಮಾರುಕಟ್ಟೆಯಲ್ಲಿ ಹವ್ಯಾಸಿ ಲೇಖಕರು ವಿಝರ್ಡ್ಸ್‌ನ ದೇವರುಗಳನ್ನು ಹೆಸರು ಹಿಡಿದು ಬಳಸಬಹುದು. ಆದರೆ ಮಾರಾಟದ ಹಣದಲ್ಲಿ ಲೇಖಕರ ಪಾಲು ಅರ್ಧ ಮಾತ್ರ. ಅಲ್ಲಿ ಪ್ರಕಟಿಸಿದ ಕೃತಿಯನ್ನು ಹೊರಗೆ ಮಾರುವಂತೆಯೂ ಇಲ್ಲ.

ಬೇಲಿ ದಾಟಿದ ಪ್ರಯತ್ನಗಳೂ ನಡೆದವು. ಪರವಾನಗಿ ಹೆಸರುಗಳನ್ನು ಕಾಯ್ದಿರಿಸಲು ಅವಕಾಶ ಕೊಟ್ಟಿತ್ತೇ ಹೊರತು ಕಡ್ಡಾಯ ಮಾಡಿರಲಿಲ್ಲ. 2002ರಲ್ಲಿ ನೆಕ್ರೊಮ್ಯಾನ್ಸರ್ ಗೇಮ್ಸ್ ಎಂಬ ಸಣ್ಣ ಪ್ರಕಾಶನ, ವಿಝರ್ಡ್ಸ್‌ನ ಒಪ್ಪಿಗೆ ಪಡೆದು 'ಟೋಮ್ ಆಫ್ ಹಾರರ್ಸ್' ಎಂಬ ಗ್ರಂಥದಲ್ಲಿ ಹಳೆಯ ಆಟದ ಹಲವಾರು ಜೀವಿಗಳನ್ನು ಮುಕ್ತ ಸಾಮಗ್ರಿಯಾಗಿ ಮರಳಿ ತಂದಿತು. ಅವುಗಳನ್ನು ಬಳಸುವವರು ಪುಸ್ತಕದ ಕೊನೆಯಲ್ಲಿ ಮೂಲ ಸೃಷ್ಟಿಕರ್ತರ ಹೆಸರನ್ನು ನಮೂದಿಸಬೇಕಿತ್ತು. ಪೈಜೋದ ಗ್ರಂಥಗಳ ಕೊನೆಯ ಪುಟದಲ್ಲಿ ಇಂಥ ನಮೂದುಗಳ ಉದ್ದನೆಯ ಸಾಲನ್ನು ಕಾಣಬಹುದು. ಒಂದು ಕಲ್ಪನೆ ಯಾರ ಕೈಯಿಂದ ಯಾರ ಕೈಗೆ ಬಂತೆಂಬ ವಂಶಾವಳಿಯದು.

ನೆಕ್ರೊಮ್ಯಾನ್ಸರ್ ಗೇಮ್ಸ್‌ನ ಪುಸ್ತಕಗಳಲ್ಲಿ ತ್ಸಾಥೊಗ್ಗ ಎಂಬ ಕಪ್ಪೆದೈವವೊಂದಿದೆ. ಹೆಸರಿನಲ್ಲೂ ರೂಪದಲ್ಲೂ ಅದು 1931ರ ಸ್ಮಿತ್‌ರ ದೇವರನ್ನು ನೆನಪಿಸುತ್ತದೆ. ಮುಂದೆ ಅದೇ ಬಳಗದಿಂದ ಹುಟ್ಟಿದ ಪ್ರಕಾಶನವೊಂದು 'ಫ್ರಾಗ್ ಗಾಡ್ ಗೇಮ್ಸ್', ಅಂದರೆ ಕಪ್ಪೆದೇವರ ಆಟಗಳು, ಎಂದೇ ಹೆಸರಿಟ್ಟುಕೊಂಡಿತು.

ಹವ್ಯಾಸಿಗಳ ಸಾಧನೆಯೂ ಕಡಿಮೆಯದಲ್ಲ. 2010ರಲ್ಲಿ ಆರಂಭವಾದ 'ಪೆಟಿ ಗಾಡ್ಸ್' ಎಂಬ ಯೋಜನೆಯಲ್ಲಿ ಅನೇಕ ಲೇಖಕರು, ಚಿತ್ರಕಾರರು ಸಂಭಾವನೆಯಿಲ್ಲದೆ ಒಂದೊಂದು ಕಿರುದೈವವನ್ನು ಸೃಷ್ಟಿಸಿಕೊಟ್ಟರು. 2015ರಲ್ಲಿ ಬಂದ ಅದರ ವಿಸ್ತೃತ ಆವೃತ್ತಿಯ ವಿದ್ಯುನ್ಮಾನ ಪ್ರತಿಯನ್ನು ಉಚಿತವಾಗಿಯೇ ಹಂಚಲಾಯಿತು.

ಒಂದು ಪದ ಇಲ್ಲದ್ದರಿಂದ

2023ರ ಜನವರಿ 5ರಂದು ಗಿಜ್ಮೋಡೊ ಜಾಲತಾಣ ಪ್ರಕಟಿಸಿದ ವರದಿ ಈ ಇಡೀ ವ್ಯವಸ್ಥೆಯನ್ನು ಅಲುಗಾಡಿಸಿತು. ವಿಝರ್ಡ್ಸ್ ಹೊಸ ಪರವಾನಗಿಯೊಂದನ್ನು ಸಿದ್ಧಪಡಿಸಿದೆ, ಹಳೆಯದಕ್ಕೆ ಇನ್ನು ಮಾನ್ಯತೆ ಇರದು ಎಂಬುದು ಸೋರಿಕೆಯಾದ ಕರಡಿನ ಸಾರ. ವರ್ಷಕ್ಕೆ 7.5 ಲಕ್ಷ ಡಾಲರ್ ಮೀರಿದ ಆದಾಯದ ಮೇಲೆ ಶೇ. 25ರವರೆಗೆ ರಾಯಲ್ಟಿ ಕೇಳಲಾಗಿತ್ತು. ಇತರರು ಸೃಷ್ಟಿಸಿದ ಸಾಮಗ್ರಿಯನ್ನು ಬಳಸುವ, ಹಿಂಪಡೆಯಲಾಗದ ಹಕ್ಕನ್ನು ಕಂಪನಿ ತನಗಾಗಿ ಬರೆದುಕೊಂಡಿತ್ತು.

ಇದು ಸಾಧ್ಯವಾದದ್ದು ಹೇಗೆ? 2000ದ ಪರವಾನಗಿಯಲ್ಲಿ ಹಕ್ಕು 'ಶಾಶ್ವತ' ಎಂದಿತ್ತು; 'ಹಿಂಪಡೆಯಲಾಗದ್ದು' ಎಂದಿರಲಿಲ್ಲ. ಪರವಾನಗಿಯ 'ಅಧಿಕೃತ' ಆವೃತ್ತಿಗಳನ್ನು ಬಳಸಬಹುದೆಂದಿತ್ತು. ಅಧಿಕೃತಗೊಳಿಸಿದ್ದನ್ನು ಅನಧಿಕೃತಗೊಳಿಸಬಹುದೇ ಎಂಬುದು ಸ್ಪಷ್ಟವಿರಲಿಲ್ಲ. 23 ವರ್ಷಗಳಲ್ಲಿ ಆ ಪರವಾನಗಿಯನ್ನು ನಂಬಿ ಮನೆ ಕಟ್ಟಿದವರು, ತಾವು ನಿಂತಿರುವ ನೆಲ ಯಾರದೆಂದು ಮತ್ತೆ ಕೇಳಿಕೊಳ್ಳಬೇಕಾಯಿತು. ತಮ್ಮ ಸ್ವಂತ ದೇವರುಗಳೇನೋ ತಮ್ಮವೇ. ಆದರೆ ಆ ದೇವರುಗಳು ವರ ಕೊಡುವ ವಿಧಾನದ ಪಠ್ಯ ಇನ್ನೊಬ್ಬರದು.

ಆಟಗಾರರ ಪ್ರತಿಭಟನೆ ತೀವ್ರವಾಗಿತ್ತು. ಜನವರಿ 12ರಂದು ಪೈಜೋ, ಇತರ ಪ್ರಕಾಶಕರ ಬೆಂಬಲದೊಂದಿಗೆ, ಯಾವುದೇ ಒಂದು ಕಂಪನಿಯ ಒಡೆತನದಲ್ಲಿರದ 'ಓಆರ್‌ಸಿ' ಎಂಬ ಹೊಸ ಪರವಾನಗಿಯನ್ನು ಘೋಷಿಸಿತು. ವಿಝರ್ಡ್ಸ್ ಪರಿಷ್ಕೃತ ಕರಡಿನ ಬಗ್ಗೆ ಅಭಿಪ್ರಾಯ ಕೇಳಿದಾಗ 15 ಸಾವಿರಕ್ಕೂ ಹೆಚ್ಚು ಮಂದಿ ಉತ್ತರಿಸಿದರು. ಜನವರಿ 27ರಂದು ಕಂಪನಿ ಹಿಂದೆ ಸರಿಯಿತು. ಹಳೆಯ ಪರವಾನಗಿಯನ್ನು ಹಾಗೆಯೇ ಉಳಿಸಿದ್ದಲ್ಲದೆ, ಐದನೆಯ ಆವೃತ್ತಿಯ ಮುಕ್ತ ನಿಯಮಾವಳಿಯನ್ನು 'ಕ್ರಿಯೇಟಿವ್ ಕಾಮನ್ಸ್' ಪರವಾನಗಿಯಡಿ ಬಿಡುಗಡೆ ಮಾಡಿತು. ಮೂಲ ಕರ್ತೃವಿನ ಹೆಸರು ನಮೂದಿಸಿದರೆ ಸಾಕು, ಯಾರು ಬೇಕಾದರೂ ಬಳಸಬಹುದು. ಒಮ್ಮೆ ಕೊಟ್ಟದ್ದನ್ನು ಕೊಟ್ಟವರೂ ಹಿಂಪಡೆಯಲಾಗದು.

ಆ ದಾಖಲೆಯಲ್ಲಿ ದೇವರುಗಳ ಪಟ್ಟಿಯೂ ಇದೆ ಎಂಬುದು ಸ್ವಾರಸ್ಯ. ಕೆಲ್ಟಿಕ್, ಗ್ರೀಕ್, ಈಜಿಪ್ಟ್, ನಾರ್ಸ್ ಪುರಾಣಗಳ ದೇವರುಗಳು ಅದರ ಅನುಬಂಧದಲ್ಲಿದ್ದಾರೆ. ಅಂದರೆ ಮೊದಲಿನಿಂದಲೂ ಯಾರ ಸ್ವತ್ತೂ ಅಲ್ಲದವರು. ಫರ್ಗಾಟನ್ ರೆಲ್ಮ್ಸ್‌ನ ದೇವಮಂಡಲಕ್ಕೆ ಅದರಲ್ಲಿ ಸ್ಥಾನವಿಲ್ಲ.

2023ರ ಜೂನ್‌ನಲ್ಲಿ ಅಂತಿಮಗೊಂಡ ಓಆರ್‌ಸಿ ಪರವಾನಗಿಯೂ ಹಿಂಪಡೆಯಲಾಗದ್ದು. ಇದರಡಿ ಆಟದ ನಿಯಮಗಳು ತಾವಾಗಿಯೇ ಹಂಚಿಕೆಗೆ ಒಳಪಡುತ್ತವೆ. ಲೋಕದ ಕಥೆ, ಪಾತ್ರ, ದೇವರುಗಳು ತಾವಾಗಿಯೇ ಕಾಯ್ದಿರಿಸಲ್ಪಡುತ್ತವೆ. ಆದರೆ ಪ್ರಕಾಶಕರು ಇಚ್ಛಿಸಿದರೆ, ಕಾಯ್ದಿರಿಸಿದ ಪಾಲಿನಿಂದ ಇಂತಿಂಥದನ್ನು ಬಿಟ್ಟುಕೊಟ್ಟಿದ್ದೇವೆ ಎಂದು ಹೆಸರಿಸಿ ಬರೆಯಲು ಅದರಲ್ಲಿ ಪ್ರತ್ಯೇಕ ಅವಕಾಶವಿದೆ. ದೇವರೊಬ್ಬನನ್ನು ಬೇಲಿಯಾಚೆಗೆ ಕಳುಹಿಸಲು ಈಗ ಬೇಕಾಗಿರುವುದು ಒಂದು ಸಾಲು ಮಾತ್ರ.

ಬಿಟ್ಟುಕೊಡುವುದೆಂದರೆ

ಆ ಒಂದು ಸಾಲನ್ನು ಬರೆಯಲು ಹಿಂಜರಿಕೆ ಇರುವುದು ಅಸಹಜವೇನಲ್ಲ. ನಿಯಮಗಳನ್ನು ಯಾರು ಬೇಕಾದರೂ ಬರೆಯಬಹುದಾದ ಉದ್ಯಮದಲ್ಲಿ, ಸಣ್ಣ ಪ್ರಕಾಶಕರಿಗೆ ತಮ್ಮದೆಂದು ಹೇಳಿಕೊಳ್ಳಲು ಉಳಿಯುವುದು ತಮ್ಮ ಲೋಕ, ತಮ್ಮ ದೇವರುಗಳು ಮಾತ್ರ. ಕರುಣೆಯ ದೇವಿಯೆಂದು ರೂಪಿಸಿದವಳನ್ನು ಇನ್ನೊಬ್ಬರು ಕ್ರೂರಿಯಾಗಿ ಚಿತ್ರಿಸಿದರೆ ತಡೆಯುವ ಹಕ್ಕನ್ನೂ ಬಿಟ್ಟುಕೊಡಬೇಕಾಗುತ್ತದೆ. ಅಮೆರಿಕದ ಲೇಖಕ ಆಂಬ್ರೋಸ್ ಬಿಯರ್ಸ್ 19ನೇ ಶತಮಾನದ ಕೊನೆಯಲ್ಲಿ ಕುರಿಗಾಹಿಗಳ ಸೌಮ್ಯ ದೈವವಾಗಿ ಕಲ್ಪಿಸಿದ ಹಸ್ತೂರ್, ಹಲವರ ಕೈದಾಟಿ, ಡೆರ್ಲೆತ್‌ರ ಹೊತ್ತಿಗೆ ಘೋರರೂಪಿಯಾಗಿದ್ದ. ಇಂದು ಆಟದ ಪುಸ್ತಕಗಳಲ್ಲಿ ಕಾಣುವುದು ಆ ಘೋರರೂಪವನ್ನೇ.

ಆದರೆ ಬಿಯರ್ಸ್‌ರ ಆ ಸಣ್ಣ ಕಥೆಯ ದೈವದ ಹೆಸರು ನೂರಕ್ಕೂ ಹೆಚ್ಚು ವರ್ಷ ಉಳಿದು ಬಂದದ್ದು ಆ ಕೈದಾಟದಿಂದಲೇ ಎಂಬುದನ್ನೂ ಮರೆಯುವಂತಿಲ್ಲ. ಕಥುಲ್ಹುವಿನ ಮೊದಲ ಕಥೆ ಪ್ರಕಟವಾದದ್ದು 1928ರಲ್ಲಿ. ಅಮೆರಿಕದ ಕಾನೂನು ವಿಧಿಸುವ 95 ವರ್ಷಗಳ ಗರಿಷ್ಠ ಅವಧಿಯನ್ನೇ ಲೆಕ್ಕಕ್ಕೆ ಹಿಡಿದರೂ 2024ರ ಆರಂಭದೊಂದಿಗೆ ಅದು ಸಾರ್ವಜನಿಕ ಸ್ವತ್ತಾಗಿದೆ. ಇಂದು ಕಲ್ಪಿಸಿದ ದೇವರೊಂದಕ್ಕೆ ಇದೇ ರೀತಿ ಕಾಯುತ್ತ ಕುಳಿತರೆ, ಆ ದಿನ ಬರುವ ಹೊತ್ತಿಗೆ ಅದನ್ನು ನೆನಪಿಟ್ಟುಕೊಂಡವರು ಇರುತ್ತಾರೆಂಬ ಭರವಸೆಯಿಲ್ಲ.

ಸ್ನೇಹದ ಮಾತು ಸಾಲದೆಂದು ಲವ್‌ಕ್ರಾಫ್ಟ್ ಬಳಗದ ಅನುಭವ ತೋರಿಸಿತು. ಕೃತಜ್ಞತೆಯ ಸಾಲು ಸಾಲದೆಂದು 1980ರ ಪುಸ್ತಕ ತೋರಿಸಿತು. ಬರೆದುಕೊಟ್ಟ ಪರವಾನಗಿಯೂ ಒಂದು ಪದ ಇಲ್ಲದಿದ್ದರೆ ಸಾಲದೆಂದು 2023 ತೋರಿಸಿತು. ಬರಹದಲ್ಲಿರಬೇಕು, ಹೆಸರು ಹಿಡಿದು ಹೇಳಿರಬೇಕು, ಹಿಂಪಡೆಯುವಂತಿರಬಾರದು. ಈ ಮೂರೂ ಕೂಡಿದಾಗ ಮಾತ್ರ, ಗಾಯಗೊಂಡ ಸಂಗಡಿಗನ ಪಕ್ಕದಲ್ಲಿ ಕೈಮುಗಿದ ಆ ಆಟಗಾರ್ತಿ, ಯಾವ ಪುಸ್ತಕ ತೆರೆದಿದ್ದರೂ, ಅದೇ ದೇವರನ್ನು ಅದೇ ಹೆಸರಿನಿಂದ ಕರೆಯಬಲ್ಲಳು.